ಗಬ್ಬೂರಿನ ಕಾಟಾ ಮತ್ತು ಒಂದು ಗುಣಾಕಾರ

ಜಗತ್ತಿನಲ್ಲಿ ಇದುವರೆಗೆ ಆಗಿಹೋದ ಅನಾಹುತಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ರಾಯಚೂರಿನ ಸಂಕರ್ಷಣನಿಗೆ ಕಳೆದ ಚಳಿಗಾಲದ ಒಂದು ಮಂಗಳವಾರ ಒದಗಿದ್ದನ್ನು ಇನ್ನೊಂದರಲ್ಲಿಟ್ಟರೆ, ಸಂಕರ್ಷಣನ ತಟ್ಟೆಯೇ ನೆಲ ಮುಟ್ಟಿ, ನೆಲದೊಳಗೆ ಎರಡಡಿ ಇಳಿದುಹೋಗುತ್ತದೆ. ಇದಕ್ಕೆಲ್ಲ ಕಾರಣವಾದದ್ದು ಒಂದು ಗುಣಾಕಾರದ ಚಿಹ್ನೆ. ಸಾಸಿವೆ ಕಾಳಿನ ಅರ್ಧದಷ್ಟೂ ಇಲ್ಲದ್ದು. ಇದು ಬಡಾಯಿ ಎನ್ನಬೇಡಿ. ನನ್ನ ಬಾಯಲ್ಲಿ ಬರುವುದು ನೂರಕ್ಕೆ ನೂರೆರಡು ಪಾಲು ನಿಜ. ಮೇಲಿನ ಎರಡು ಪಾಲು ಓದುಗರಿಗೆ ನನ್ನ ಕಾಣಿಕೆ.

ಸಂಕರ್ಷಣ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಕಂಪ್ಯೂಟರಿನ ಹೊಟ್ಟೆಯೊಳಗಿರುವ ಕರ್ನಲ್ ಎಂಬುದರ ಬಗ್ಗೆ ಹನ್ನೆರಡು ವರ್ಷ ಪಾಠ ಹೇಳಿದ್ದ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸರ, ಇಷ್ಟು ವರ್ಷದಾಗ ಆ ಕರ್ನಲ್‌ನ್ಯಾಗ ನೀವು ಒಂದು ಸಾಲರೆ ಬರದೀರೇನ್ರಿ?" ಎಂದುಬಿಟ್ಟಳು. ನೀರಿಗಿಳಿಯದೆ ಈಜು ಕಲಿಸುವವನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ತಳ್ಳಿದಂತಾಯಿತು. ಅಂದೇ ಸಂಕರ್ಷಣ ಕಪ್ಪು ಹಲಗೆಯ ಸಾಕ್ಷಿಯಾಗಿ ಶಪಥ ಮಾಡಿದ: ಕರ್ನಲ್ಲಿನಲ್ಲಿ ನನ್ನ ಹೆಸರಿನ ಒಂದು ಸಾಲು ಸೇರಬೇಕು. ಒಂದೇ ಒಂದು.

ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಊರಗೌಡ ಅಂದುಕೊಳ್ಳಿ. ಯಾವ ಪ್ರೋಗ್ರಾಂ ಬಂದು "ನನಗಿಷ್ಟು ಜಾಗ ಬೇಕು" ಅಂದರೂ ಅಳೆದು ಕೊಡುವವನು ಅವನೇ. ಸಾವಿರ ಮಂದಿಗೆ ತಲಾ ಹತ್ತಡಿ ಎಂದು ಕೇಳಿದರೆ ಸಾವಿರವನ್ನು ಹತ್ತರಿಂದ ಗುಣಿಸಿ ಹತ್ತು ಸಾವಿರ ಅಡಿ ಕೊಡುತ್ತಾನೆ. ಆದರೆ ಮೂವತ್ತೆರಡು ಬಿಟ್ಟಿನ ಹಳೆಯ ಕಂಪ್ಯೂಟರುಗಳಲ್ಲಿ ಈ ಗೌಡನಿಗೆ ನಾನೂರಾ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆಯಿಂದ ಮೇಲೆ ಎಣಿಸಲು ಬಾರದು. ಅದನ್ನು ದಾಟಿದರೆ ಹಳೆಯ ಸ್ಕೂಟರಿನ ಮೀಟರಿನಂತೆ ಸುತ್ತಿ ಸೊನ್ನೆಗೆ ಬಂದುಬಿಡುತ್ತಾನೆ. ಯಾರೋ ನಾನೂರಾ ಮೂವತ್ತು ಕೋಟಿಯಷ್ಟು ಕೇಳಿದರೆ ಗೌಡರು ಗುಣಿಸಿ, ಸುತ್ತಿ, ಒಂದು ಮೂಲೆ ತೋರಿಸಿ "ತಗೋ" ಅನ್ನುತ್ತಾರೆ. ಅವನು ಅಷ್ಟು ಸಾಮಾನನ್ನೂ ಆ ಮೂಲೆಗೇ ಸುರಿಯುತ್ತಾನೆ. ಪಕ್ಕದ ಮನೆಯವರೆಲ್ಲ ಅದರಡಿ ಸಿಕ್ಕಿ ಸಾಯುತ್ತಾರೆ, ಕಂಪ್ಯೂಟರ್ ನಿಂತುಹೋಗುತ್ತದೆ.

ಈ ದೋಷವನ್ನು ಮೊದಲು ಕಂಡದ್ದು ಹಗಲಿರುಳು ದೋಷ ಹುಡುಕುವುದಕ್ಕೇ ಇಟ್ಟ ಒಂದು ಯಂತ್ರ. ಅದು ಊರಿಗೆಲ್ಲ ಸಾರಿದ ಪಟ್ಟಿಯಿಂದ ಸಂಕರ್ಷಣ ಆರಿಸಿಕೊಂಡದ್ದು ಇದನ್ನೇ. ತಿದ್ದುಪಡಿಯನ್ನು ಭೂಮಿಯ ಮೇಲಿನ ಯಾರು ಬೇಕಾದರೂ ಕಳಿಸಬಹುದು. ಆದರೆ ಒಳಗೆ ಬಿಡುವವರು ಬೇರೆ. ನೆನಪಿನ ಜಾಗ ಹಂಚುವ ಭಾಗಕ್ಕೆ ಜರ್ಮನಿಯ ಹೆಲ್ಗಾ ಎಂಬ ಹಿರಿಯ ಹೆಂಗಸು ಕಾವಲು. ಎಂಟು ತಿಂಗಳಲ್ಲಿ ಸಂಕರ್ಷಣ ಆರು ಸಲ ತಿದ್ದಿ ಕಳಿಸಿದ. ಹೆಲ್ಗಾ ಆರು ಸಲವೂ ಹಿಂದಕ್ಕೆ ಹಾಕಿದಳು. ಒಮ್ಮೆ ಉದ್ದವಾಯಿತು ಅಂದಳು, ಒಮ್ಮೆ ಗಿಡ್ಡವಾಯಿತು ಅಂದಳು, ಒಮ್ಮೆ ಏನೂ ಅನ್ನದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಕಳಿಸಿದಳು. ಏಳನೆಯದಕ್ಕೆ ಉತ್ತರ ಬಂದದ್ದು ಆ ಮಂಗಳವಾರ ಮುಂಜಾನೆ ಆರಕ್ಕೆ.

"ಓದಲು ಸರಿಯಾಗಿದೆ. ನಿಜವಾದ ಮೂವತ್ತೆರಡು ಬಿಟ್ಟಿನ ಯಂತ್ರದ ಮೇಲೆ ಓಡಿಸಿ ನೋಡಿದ್ದೀರಾ? ನಿಮ್ಮನ್ನು ಬಿಟ್ಟು ಬೇರೆಯವರು ಪರೀಕ್ಷಿಸಿ ತಮ್ಮ ಹೆಸರು ಕೊಡಬೇಕು. ಈ ಬಾರಿಯ ಬಾಗಿಲು ಇಂದು ಮಧ್ಯಾಹ್ನ ಮುಚ್ಚುತ್ತದೆ. ಆಮೇಲೆ ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸುತ್ತೇನೆ."

ಜರ್ಮನಿಯ ಮಧ್ಯಾಹ್ನವೆಂದರೆ ರಾಯಚೂರಿನ ನಾಲ್ಕೂವರೆ.

"ಯಾರದಪಾ ಅದು, ಮುಂಜಾನಿ ಮುಂಜಾನಿ?" ತಾಯಿ ವೆಂಕೂಬಾಯಿ ತುಳಸಿಕಟ್ಟೆಯಿಂದಲೇ ಕೇಳಿದರು.

"ಹೆಲ್ಗಾ ಅವರದಮ್ಮಾ."

"ಇನ್ನೂ ಒಪ್ಪಿಲ್ಲೇನು ಅಕಿ? ಎಂಟು ತಿಂಗಳಾತು! ನಿನಗ ಹೆಣ್ಣು ಕೊಡಲಿಕ್ಕೆ ನಿನ್ನ ಮಾವನವರು ಎಂಟು ದಿನ ಸೈತ ತಗೊಳ್ಳಲಿಲ್ಲ."

"ಇವತ್ತು ಒಪ್ಪಸ್ತೀನಮ್ಮಾ. ಒಂದು ಹಳೇ ಮಿಶನ್ ಸಿಕ್ಕರ ಸಾಕು."

ಈ ಮಾತು ಕಾಂಪೌಂಡಿನ ಗೋಡೆ ದಾಟಿ ಪಕ್ಕದ ಮನೆಯ ಜಗನ್ನಾಥರಾಯರ ಕಿವಿಗೆ ಬಿತ್ತು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಅವರ ಕಿವಿಗೆ ಇಡೀ ಓಣಿಯ ತಂತಿಗಳು ಇನ್ನೂ ಜೋಡಿಸಿಯೇ ಇವೆ. ಗೋಡೆಯ ಮೇಲೆ ತಲೆ ಎದ್ದಿತು.

"ಹಳೇ ಮಿಶನ್ ಬೇಕೇನೋ ಸಂಕರ್ಷಣ? ಮಾನ್ವಿಯೊಳಗ ನಮ್ಮ ಅಂಜಿನೇಯನ ಟೈಪಿಂಗ್ ಕ್ಲಾಸಿನ್ಯಾಗ ಅದ. ನಾ ಖುದ್ದು ಕಣ್ಣಿಲೆ ನೋಡೀನಿ."

"ಯಾವಾಗ ನೋಡಿದ್ರಿ ಕಾಕಾ?"

"ಮೊನ್ನೆ ಮೊನ್ನೆ. ಹದಿನಾಲ್ಕು ವರ್ಷ ಆಗಿರಬೇಕು ನೋಡು."

ಬೇರೆ ದಾರಿ ಇರಲಿಲ್ಲ. ಸಂಕರ್ಷಣ ಕಾಲೇಜಿಗೆ ರಜೆ ಬರೆದು, ಲ್ಯಾಪ್‌ಟಾಪ್ ಚೀಲ ಬೆನ್ನಿಗೇರಿಸಿ, ಏಳರ ಬಸ್ಸಿಗೆ ಮಾನ್ವಿಗೆ ಹೊರಟ. ಅವನು ಮನೆಯ ಗೇಟು ದಾಟುವಷ್ಟರಲ್ಲಿ ಸಂಕರ್ಷಣನ ಹೆಸರು ಇವತ್ತು ಸಂಜೆ ಜರ್ಮನಿಯಲ್ಲಿ ಕೆತ್ತುತ್ತಾರಂತೆ ಎಂಬ ಸುದ್ದಿ ಓಣಿಯ ಆ ತುದಿಗೆ ಮುಟ್ಟಿಯಾಗಿತ್ತು.

ಮಾನ್ವಿಯಲ್ಲಿ ಅಂಜಿನೇಯ ತುಂಬ ಮರ್ಯಾದೆಯಿಂದ ಹಿತ್ತಲ ತಗಡಿನ ಶೆಡ್ಡಿಗೆ ಕರೆದೊಯ್ದ. ಮೂಲೆಯಲ್ಲಿ ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಇತ್ತು. ಪಕ್ಕದ ತಗಡು ಬಿಚ್ಚಿತ್ತು. ಒಳಗಿನಿಂದ ಎರಡು ಕೆಂಪು ಕಣ್ಣು ಸಂಕರ್ಷಣನನ್ನು ದಿಟ್ಟಿಸಿದವು.

"ಕಂಪ್ಯೂಟರ್ ಅದ ನೋಡ್ರಿ ಸರ," ಎಂದ ಅಂಜಿನೇಯ. "ಆದ್ರ ಈಗ ಕಾವಿಗಿ ಕುಂತದ."

ಹೇಂಟೆ ಹನ್ನೊಂದು ಮೊಟ್ಟೆಯ ಮೇಲೆ ಕೂತಿತ್ತು. ಸಂಕರ್ಷಣ ಹಟಗಾರ. ಕೆಳಗೆ ಮದರ್‌ಬೋರ್ಡಾದರೂ ಉಳಿದಿದೆಯೋ ನೋಡೋಣವೆಂದು ಚೀಲ ಇಳಿಸಿ ಕೈ ಹಾಕಿದ. ಮುಂದಿನ ಮೂರು ನಿಮಿಷ ಶೆಡ್ಡಿನಲ್ಲಿ ನಡೆದ ಯುದ್ಧದ ಧೂಳು ಚೀಕಲಪರ್ವಿಯ ಹೊಳೆ ದಾಟಿ ಆಂಧ್ರದಲ್ಲಿ ಇಳಿಯಿತಂತೆ. ಸಂಕರ್ಷಣ ಹೊರಗೆ ಬಂದಾಗ ಬೆರಳಲ್ಲಿ ರಕ್ತ, ತಲೆಯಲ್ಲಿ ಪುಕ್ಕ.

"ಅದರಾಗ ಒಳಗ ಏನೂ ಇಲ್ರಿ, ನಾನೇ ಎಲ್ಲ ತಗದು ಹಾಕೀನಿ," ಎಂದ ಅಂಜಿನೇಯ.

"ಮೊದಲೇ ಹೇಳಬಾರದೇನಪಾ!"

"ನೀವು ಕೋಳಿ ಹಿಡಿಯಾಕತ್ತೀರಿ ಅಂತ ತಿಳಕೊಂಡೆ ರೀ. ಇರ್ಲಿ ಬಿಡ್ರಿ. ಇದರ ಜೋಡಿ ತಂದಿದ್ದು ಇನ್ನೊಂದು ಅದ. ಗಬ್ಬೂರಾಗ, ಪಕೀರಪ್ಪನ ಕಾಟಾದಾಗ. ನಾನೇ ಕುಂದ್ರಿಸಿ ಬಂದೀನಿ, ನೀವು ಹೇಳೋ ಆ ಕರ್ನಲ್ಲೇ ಅದರಾಗ ಇರೋದು. ಅದು ಇನ್ನಾ ಜೀವಂತ ಅದ."

ಕಾಟಾ ಎಂದರೆ ಹತ್ತಿ ಹೇರಿದ ಟ್ರ್ಯಾಕ್ಟರನ್ನು ಇಡಿಯಾಗಿ ಹತ್ತಿಸಿ ತೂಗುವ ಕಬ್ಬಿಣದ ಹಾಸು; ತೂಕ ಹೇಳುವುದು ಪಕ್ಕದ ಕೋಣೆಯ ಕಂಪ್ಯೂಟರು. ಸಂಕರ್ಷಣ ರಾಯಚೂರಿಗೆ ಮರಳಿ, ದೇವದುರ್ಗದ ಬಸ್ಸು ಹತ್ತಿ, ಆ ಬಸ್ಸಿನಲ್ಲಿ ಒಂದೇ ಕಾಲಿನ ಮೇಲೆ ನಿಂತು — ಇನ್ನೊಂದಕ್ಕೆ ಜಾಗವಿರಲಿಲ್ಲ — ಗಬ್ಬೂರಿನಲ್ಲಿ ಇಳಿದಾಗ ಹನ್ನೆರಡೂವರೆ. ಹತ್ತಿಯ ಸುಗ್ಗಿ. ಕಾಟಾದ ಮುಂದೆ ಹದಿನೇಳು ಟ್ರ್ಯಾಕ್ಟರು ಸಾಲುಗಟ್ಟಿದ್ದವು. ಹದಿನೇಳು ಎಂದು ಸುಮ್ಮನೆ ಸಂಕೋಚಕ್ಕೆ ಹೇಳುತ್ತಿದ್ದೇನೆ, ಎಪ್ಪತ್ತಿದ್ದವು.

ಕಾಟಾದ ಪಕೀರಪ್ಪ ದೂರದಿಂದಲೇ ನೋಡಿದ. ಒಳಗೆ ಸಿಕ್ಕಿಸಿದ ಅಂಗಿ. ಕಿಸೆಯಲ್ಲಿ ಪೆನ್ನು. ಬೆನ್ನ ಮೇಲೆ ಕರಿ ಚೀಲ. ಹಣೆಯ ಮೇಲೆ ಸಿಟ್ಟು. ತೂಕ ಅಳತೆಯ ಇನ್ಸ್‌ಪೆಕ್ಟರಲ್ಲದೆ ಇನ್ನಾರು? ಪಕ್ಕದಲ್ಲಿ ಚಹಾದಂಗಡಿ ನಡೆಸುವ ಅಸ್ಮತ್‌ಗೆ ಕಣ್ಸನ್ನೆ ಮಾಡಿದ. "ಅಸ್ಮತ್ ಬೀ, ಸ್ಪೆಷಲ್ ಚಾ! ಸಾಹೇಬ್ರು ಬಂದಾರ!"

ಸಂಕರ್ಷಣ ನೇರವಾಗಿ ವಿಷಯಕ್ಕೆ ಬಂದ. "ನಿಮ್ಮ ಕಂಪ್ಯೂಟರಿನೊಳಗ ಲೆಕ್ಕದ್ದೊಂದು ತಪ್ಪದ. ಅದನ್ನ ನೋಡಲಿಕ್ಕೆ ಬಂದೀನಿ."

ಪಕೀರಪ್ಪನ ಮುಖ ಬಿಡಿಸಿದ ಹತ್ತಿಯಂತಾಯಿತು. "ಯಾರು ಹೇಳಿದ್ರು ರೀ?"

"ಜರ್ಮನಿಯಿಂದ ಪತ್ರ ಬಂದದ."

"ಯಪ್ಪಾ! ಜರ್ಮನಿತನಾ ಸುದ್ದಿ ಹೋಗ್ಯದೇನ್ರಿ!"

ಪಕೀರಪ್ಪ ಕೋಣೆಯ ಬಾಗಿಲು ತೆರೆದುಕೊಟ್ಟು, ಕುರ್ಚಿ ಒರೆಸಿ, "ನೋಡ್ರಿ ಸಾಹೇಬ್ರ, ಏನ್ ಬೇಕಾದ್ರೂ ನೋಡ್ರಿ" ಎಂದು ಹೊರಗೋಡಿ, ಕಬ್ಬಿಣದ ಹಾಸಿನ ಕೆಳಗೆ ಕೈ ಹಾಕಿ ಎರಡು ಇಟ್ಟಿಗೆ ಎಳೆದು ಬೇಲಿಯಾಚೆ ಎಸೆದ. ಅವು ಅಲ್ಲಿ ಯಾಕಿದ್ದವೋ ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಒಳಗೆ ಕಂಪ್ಯೂಟರು ಧೂಳಿನ ಕಂಬಳಿ ಹೊದ್ದು ಗುರುಗುಡುತ್ತಿತ್ತು. ಅಪ್ಪಟ ಮೂವತ್ತೆರಡು ಬಿಟ್ಟು. ಸಂಕರ್ಷಣನಿಗೆ ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. ಮೊದಲು ದೋಷ ನಿಜವಾಗಿ ಇದೆಯೋ ನೋಡಬೇಕು. ಪರೀಕ್ಷೆಯ ಪ್ರೋಗ್ರಾಂ ಹಾಕಿ ಗುಂಡಿ ಒತ್ತಿದ. ಪರದೆ ಗಕ್ಕನೆ ನಿಂತಿತು. ಹೊರಗೆ ತೂಕ ತೋರಿಸುವ ಕೆಂಪು ಅಂಕಿಗಳು ಆರಿಹೋದವು.

"ಸತ್ತಿತು!" ಎಂದು ಸಂಕರ್ಷಣ ಕುಣಿಯುತ್ತ ಹೊರಗೆ ಬಂದ. "ಸತ್ತೇ ಹೋಯ್ತು!"

ಎಪ್ಪತ್ತು ಟ್ರ್ಯಾಕ್ಟರಿನ ಜನ ಎದ್ದು ನಿಂತರು. ಒಬ್ಬ ಟೋಪಿ ತೆಗೆದ.

"ಯಾರ್ರೀ? ಯಾರು ಸತ್ತಿದ್ದು?"

"ಕಂಪ್ಯೂಟರ್!"

"ಅದಕ್ಕ ನೀ ಯಾಕ ಕುಣೀತಿಯೋ ತಮ್ಮಾ?" ಎಂದು ಕೇಳಿದ್ದು ಬೂದೆಮ್ಮ. ಐವತ್ತೈದರ ಮೇಲಿನ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ಅವಳ ಹತ್ತಿಯ ಟ್ರಾಲಿ ಆಗಲೇ ಕಾಟಾದ ಮೇಲೆ ಹತ್ತಿತ್ತು, ಇಳಿಸುವಂತಿರಲಿಲ್ಲ, ತೂಗುವಂತೆಯೂ ಇರಲಿಲ್ಲ. "ನಸುಕಿನ್ಯಾಗ ಬಂದು ಪಾಳಿ ಹಚ್ಚೀನಿ. ನನ್ನ ಹತ್ತಿ ಕಾಟಾ ಏರಿದ ಕೂಡ್ಲೇ ಸಾಯಬೇಕೇನು ಅದು?"

"ಒಂದೇ ನಿಮಿಷ ತಡೀರಿ ಯವ್ವಾ. ಈಗ ಬದುಕಸ್ತೀನಿ."

ಆ ಒಂದು ನಿಮಿಷ ಮೂರೂವರೆ ತಾಸಾಯಿತು.

ಪೆನ್‌ಡ್ರೈವಿನಲ್ಲಿ ತಂದಿದ್ದ ಏಳನೆಯ ತಿದ್ದುಪಡಿಯ ಕರ್ನಲ್ಲನ್ನು ಸಂಕರ್ಷಣ ಹಾಕಿದ. ಆ ಮುದಿ ಯಂತ್ರ ಎದ್ದು ಕಣ್ಣು ಬಿಡಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಮತ್ತೆ ಪರೀಕ್ಷೆ. ಗುಂಡಿ ಒತ್ತಿದ. ಪರದೆ ಮತ್ತೆ ಗಕ್ಕನೆ ನಿಂತಿತು.

ಈಗ ಸಂಕರ್ಷಣ ಕುಣಿಯಲಿಲ್ಲ. ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ನೂರು ಸಲ ಓಡಿಸಿದ್ದ ತಿದ್ದುಪಡಿ ಇದು. ಇಲ್ಲೇಕೆ ಸಾಯುತ್ತದೆ? ಗಡಿಯಾರದಲ್ಲಿ ಎರಡು. ಲ್ಯಾಪ್‌ಟಾಪಿನ ಚಾರ್ಜರಿಗೆ ಚೀಲದಲ್ಲಿ ಕೈ ಹಾಕಿದರೆ ಚಾರ್ಜರಿಲ್ಲ; ಮಾನ್ವಿಯ ಕೋಳಿಯುದ್ಧದಲ್ಲಿ ಚೀಲದಿಂದ ಬಿದ್ದು ಅಲ್ಲೇ ಉಳಿದಿತ್ತು. ಬ್ಯಾಟರಿ ಮೂವತ್ತೊಂದು. ಮೊಬೈಲು ನೋಡಿದರೆ ಸಿಗ್ನಲ್ಲಿನ ಒಂದು ಗೀರೂ ಇಲ್ಲ.

ಹೊರಗೆ ಟ್ರ್ಯಾಕ್ಟರುಗಳು ರಸ್ತೆಗೆ ಚಾಚಿ, ಅವುಗಳ ಹಿಂದೆ ಲಾರಿ ನಿಂತು, ಲಾರಿಯ ಹಿಂದೆ ಒಂದು ಮದುವೆಯ ದಿಬ್ಬಣ ನಿಂತು, ಸಾಲು ದೇವದುರ್ಗ ಮುಟ್ಟುವುದಕ್ಕೆ ಇನ್ನೆರಡೇ ಮಾರು ಉಳಿದಿತ್ತು. ಜನ ಪಕೀರಪ್ಪನನ್ನು ಹಿಡಿದುಕೊಂಡರು.

"ಏ ಪಕೀರಪ್ಪ, ಬಂದ್ ಮಾಡಿ ಚಾಲೂ ಮಾಡಲೇ ಅದನ್ನ!"

"ಸಾಹೇಬ್ರು ಹಿಡಕೊಂಡಾರಪ್ಪ. ನಾ ಮುಟ್ಟಂಗಿಲ್ಲ. ನೀವು ಮುಟ್ರಿ ಬೇಕಾದ್ರ!"

ಸಂಕರ್ಷಣ ಬೇವಿನ ನೆರಳಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತ. ಕೈಬಿಟ್ಟು ಏಳುವ ಜಾತಿಯವನಲ್ಲ. ತಾನು ಬರೆದ ಸಾಲುಗಳನ್ನು ಕಣ್ಣಲ್ಲೇ ತೂತು ಬೀಳುವಂತೆ ನೋಡಿದ. ಅಸ್ಮತ್ ಚಹಾ ತಂದಿಟ್ಟಳು. "ಪೀಲೋ ಸಾಬ್. ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ? ಹೋಗಿ ನಾಳಿ ಬರ್ರಿ."

"ನಾಳಿ ಬಾಗಿಲು ಹಾಕಿರ್ತಾರಮ್ಮಾ."

ಬೂದೆಮ್ಮ ಬಂದು ಎದುರಿಗೇ ಕುಕ್ಕರಗಾಲಲ್ಲಿ ಕೂತಳು. "ಏನಾಗ್ಯದ, ನನಗರೆ ಹೇಳು. ನನ್ನ ಹತ್ತಿ ನಿನ್ನ ಕೈಯಾಗ ಸಿಕ್ಕದ. ತಿಳಕೊಳ್ಳಾಕ ಹಕ್ಕದ ನನಗ."

ಸಂಕರ್ಷಣ ಸೋತ ಧ್ವನಿಯಲ್ಲಿ ಹೇಳತೊಡಗಿದ. "ನೋಡ್ರಿ ಯವ್ವಾ. ಒಂದು ಟ್ರಾಲಿ ಅದ ಅನ್ರಿ. ಇಷ್ಟು ಚೀಲ, ಒಂದೊಂದರಾಗ ಇಷ್ಟು ಹತ್ತಿ. ಎರಡನ್ನೂ ಗುಣಿಸಿ ಒಟ್ಟು ಎಷ್ಟಾತು ನೋಡ್ತೀನಿ. ಟ್ರಾಲಿಗಿಂತ ಜಾಸ್ತಿ ಬಂತಂದ್ರ ಬ್ಯಾಡ ಅಂತೀನಿ. ಆದ್ರ ಈ ಮಿಶನ್ನಿಗೆ ಭಾಳ ದೊಡ್ಡ ಲೆಕ್ಕ ಬರಂಗಿಲ್ಲ. ಟ್ರಾಲಿ ತುಂಬಿ ಚೆಲ್ಲಿತಂದ್ರ ಚೆಲ್ಲಿದ್ದನ್ನ ಮರೆತು, ಉಳಿದಿದ್ದನ್ನಷ್ಟೇ ಹೇಳ್ತದ."

"ಮತ್ತ ನೀ ಯಾವಾಗ ನೋಡತಿ, ಜಾಸ್ತಿ ಆತೋ ಇಲ್ಲೋ ಅಂತ?"

"ಗುಣಿಸಿದ ಮ್ಯಾಲೆ."

ಬೂದೆಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಷ್ಟು ಓದೀದಿ ನೀನು?"

"ಎಂ.ಟೆಕ್. ಆಗ್ಯದರಿ."

"ಅದಕ್ಕೇ. ಏ ಹುಚ್ಚಪ್ಪಾ, ಚೆಲ್ಲಿದ ಮ್ಯಾಲೆ ಎಣಿಸಿದ್ರ ಚೆಲ್ಲಿದ್ದು ಲೆಕ್ಕಕ್ಕ ಸಿಗತದೇನು? ನಾವು ಹೊಲದಾಗ ಏನು ಮಾಡತೀವಿ? ಮೊದಲ ಟ್ರಾಲಿ ಎಷ್ಟು ಹಿಡೀತದ ನೋಡತೀವಿ. ಅದನ್ನ ಒಂದೊಂದು ಚೀಲಕ್ಕ ಎಷ್ಟು ಅಂತ ಭಾಗ ಮಾಡತೀವಿ. ನಲವತ್ತು ಚೀಲ ಹಿಡೀತದಂದ್ರ ನಲವತ್ತೊಂದನೇದು ಎತ್ತಂಗೇ ಇಲ್ಲ. ತುಂಬಾಕ ಮುಂಚೆ ನೋಡಬೇಕು, ತುಂಬಿದ ಮ್ಯಾಲೆ ಅಲ್ಲ."

ಸಂಕರ್ಷಣನ ಕೈಯಲ್ಲಿದ್ದ ಚಹಾದ ಗ್ಲಾಸು ಜಾರಿ ಬಿತ್ತು. ಗುಣಿಸುವುದಕ್ಕೆ ಮುಂಚೆ ಭಾಗಿಸಬೇಕು! ಅವನ ಹೊಸ ಲ್ಯಾಪ್‌ಟಾಪಿನ ಟ್ರಾಲಿ ದೊಡ್ಡದು, ಅದು ಚೆಲ್ಲುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ತಪ್ಪು ಕಂಡಿರಲಿಲ್ಲ. ಎಂಟು ತಿಂಗಳು, ಏಳು ತಿದ್ದುಪಡಿ, ಒಬ್ಬ ಎಂ.ಟೆಕ್, ಒಬ್ಬ ಹೆಲ್ಗಾ — ಎಲ್ಲರೂ ಚೆಲ್ಲಿದ ಹತ್ತಿಯನ್ನೇ ಎಣಿಸುತ್ತ ಕೂತಿದ್ದರು.

"ಯವ್ವಾ, ನೀವು ದೇವರು!"

"ದೇವರ ಹತ್ತಿ ತೂಗೋ ಮೊದಲ."

ಹದಿಮೂರು ಸಾಲಿನ ಹಳೆಯ ತಿದ್ದುಪಡಿಯನ್ನು ಅಳಿಸಿ ಎರಡೇ ಸಾಲು ಬರೆದ. ಅದನ್ನು ಸೇರಿಸಿ ಕರ್ನಲ್ಲನ್ನು ಮತ್ತೆ ಕಟ್ಟಲು ಲ್ಯಾಪ್‌ಟಾಪ್ ಒಂದು ತಾಸು ದುಡಿಯಿತು. ದುಡಿದು ದುಡಿದು ಎಷ್ಟು ಕಾದಿತೆಂದರೆ ಅಸ್ಮತ್ ಅದರ ಮೇಲೆ ಇನ್ನೊಂದು ಕೇತಲಿ ಚಹಾ ಇಳಿಸಿದಳೆಂದು ಗಬ್ಬೂರಿನಲ್ಲಿ ಇಂದಿಗೂ ಹೇಳುತ್ತಾರೆ, ಹೇಳಿದವನು ನಾನೇ. ಪೆನ್‌ಡ್ರೈವಿಗೆ ಹೊಸ ಕರ್ನಲ್ ಇಳಿದ ಮರುಕ್ಷಣ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಮೂರೂ ಮೂವತ್ತೈದು.

ಮುದಿ ಯಂತ್ರ ಮತ್ತೆ ಇಪ್ಪತ್ತು ನಿಮಿಷ ಆಕಳಿಸಿ ಎದ್ದಿತು. ಇನ್ನು ಪರೀಕ್ಷೆ. ಆದರೆ ಒತ್ತುವವನು ಸಂಕರ್ಷಣನಾಗಬಾರದು; ಬೇರೆಯವರು ಒತ್ತಿ ಹೆಸರು ಕೊಡಬೇಕು.

"ಪಕೀರಪ್ಪನವರೇ, ಬರ್ರಿ. ಈ ಗುಂಡಿ ಒತ್ತಿ ನಿಮ್ಮ ಪೂರ್ತಿ ಹೆಸರು, ವಿಳಾಸ ಹೇಳ್ರಿ. ಜರ್ಮನಿಗೆ ಕಳಿಸಬೇಕು."

ಪಕೀರಪ್ಪ ಎರಡೂ ಕೈ ಜೋಡಿಸಿದ. "ಸಾಹೇಬ್ರ, ನನಗ ಎರಡು ಸಣ್ಣ ಹೆಣ್ಣುಮಕ್ಕಳು ಅದಾವ್ರಿ. ಹೆಸರು ಮಾತ್ರ ಬ್ಯಾಡ್ರಿ. ಇಟ್ಟಂಗಿ ನಂದಲ್ರಿ, ಕಾಟಾ ಕೊಂಡಾಗ್ಲೇ ಇದ್ವು!"

"ಯಾವ ಇಟ್ಟಂಗಿ?"

"ಯಾವುದೂ ಇಲ್ರಿ!"

ಸಂಕರ್ಷಣ ಜನರ ಕಡೆ ತಿರುಗಿದ. ಹೆಸರು, ವಿಳಾಸ, ಜರ್ಮನಿ ಎಂಬ ಮೂರು ಮಾತು ಕಿವಿಗೆ ಬಿದ್ದದ್ದೇ ತಡ, ಅಲ್ಲಿದ್ದ ಇನ್ನೂರು ಮಂದಿಗೂ ಏಕಕಾಲಕ್ಕೆ ಕೆಲಸ ನೆನಪಾಯಿತು. ಒಬ್ಬನಿಗೆ ಎತ್ತಿಗೆ ನೀರು ತೋರಿಸಬೇಕಿತ್ತು, ಅವನು ಬಂದದ್ದು ಟ್ರ್ಯಾಕ್ಟರಿನಲ್ಲಿ. ಅಸ್ಮತ್ ಕೇತಲಿಯ ಹಿಂದೆ ಮುಖ ಮರೆಸಿದಳು.

"ಸರೀರಿ ಅಲ್ಲಿ," ಎಂದಳು ಬೂದೆಮ್ಮ. "ಯಾವುದು ಒತ್ತಬೇಕು? ಇದಾ?"

ಒತ್ತಿದಳು. ಕಾಳು ತುಂಬಿಡುವ ಹಗೇವಿನ ಬಾಯಿಕಲ್ಲು ಸರಿಸುವವಳಂತೆ, ಇಡೀ ಮೈಭಾರ ಹಾಕಿ.

ಪರದೆ ಒಂದು ಕ್ಷಣ ಯೋಚಿಸಿತು. ಆಮೇಲೆ ಒಂದು ಸಾಲು ಮೂಡಿತು: ಅಷ್ಟು ಜಾಗ ಕೊಡಲಾಗದು. ಅಷ್ಟೇ. ಯಂತ್ರ ಸಾಯಲಿಲ್ಲ. ಗೌಡರು ಜೀವಮಾನದಲ್ಲಿ ಮೊದಲ ಸಲ ಇಲ್ಲ ಎನ್ನಲು ಕಲಿತಿದ್ದರು. ಹೊರಗೆ ಕೆಂಪು ಅಂಕಿಗಳು ಪಟಪಟನೆ ಹತ್ತಿಕೊಂಡು ಬೂದೆಮ್ಮನ ಟ್ರಾಲಿಯ ತೂಕ ತೋರಿಸಿದವು; ಇಟ್ಟಿಗೆ ಹೋಗಿದ್ದರಿಂದ ಅವಳೆಣಿಸಿದ್ದಕ್ಕಿಂತ ಒಂದು ಕ್ವಿಂಟಲ್ ಹೆಚ್ಚೇ ಬಂತು. ದಿಬ್ಬಣದ ಬಾಜಾದವರು ಸುಮ್ಮನಿರಲಾರದೆ ಊದಿಬಿಟ್ಟರು.

ನಾಲ್ಕು ಗಂಟೆ. ಕಳಿಸುವುದು ಹೇಗೆ? ಲ್ಯಾಪ್‌ಟಾಪ್ ಸತ್ತಿದೆ. ಸಿಗ್ನಲ್ ಹುಡುಕಿ ಹುಡುಕಿ ಅವನ ಮೊಬೈಲೂ ಪ್ರಾಣ ಬಿಟ್ಟಿತ್ತು. ಆ ಬಯಲಿನಲ್ಲಿ ಸಿಗ್ನಲ್ಲು ಇದ್ದದ್ದು ಬೂದೆಮ್ಮನ ಫೋನಿಗೆ. ಅದರಲ್ಲಿ ಅಂಗಡಿಯವನೇ ಅವಳ ಹೆಸರಲ್ಲೊಂದು ಇಮೇಲ್ ಮಾಡಿಕೊಟ್ಟಿದ್ದ. ಅವಳು ಒಮ್ಮೆಯೂ ತೆರೆದಿರಲಿಲ್ಲ. ಸಂಕರ್ಷಣ ಅದರಿಂದಲೇ ತನ್ನ ಇಮೇಲಿಗೆ ಹೋಗೋಣವೆಂದರೆ, ಸತ್ತ ತನ್ನ ಮೊಬೈಲಿಗೆ ಬರುವ ಗುಟ್ಟಿನ ಅಂಕಿ ಬೇಕು.

"ಯವ್ವಾ, ನಿಮ್ಮ ಇಮೇಲಿಂದ ಕಳಿಸ್ಲೇನು?"

"ಕಳಸು. ನನ್ನ ಹತ್ತಿ ತೂಗಿಸಿದಿ, ಬ್ಯಾಡ ಅಂತೀನಾ?"

ಹೆಬ್ಬೆರಳುಗಳಿಂದ ಕುಟ್ಟಿ ಕುಟ್ಟಿ ಸಂಕರ್ಷಣ ಎರಡೂ ಸಾಲು ಬರೆದ. ಸತ್ಯವಂತ ಮನುಷ್ಯ; ಗುಣಿಸುವುದಕ್ಕೆ ಮುಂಚೆ ಭಾಗಿಸುವ ಉಪಾಯ ಹೊಳೆದದ್ದು ಬೂದೆಮ್ಮನವರಿಗೆ, ಪರೀಕ್ಷಿಸಿದವರೂ ಅವರೇ ಎಂದು ಸ್ಪಷ್ಟವಾಗಿ ಬರೆದ. ಎಲ್ಲಕ್ಕಿಂತ ಕೆಳಗೆ ರುಜುವಿನ ಜಾಗದಲ್ಲಿ ತನ್ನ ಹೆಸರು ಹಾಕಿದ. ಕಳಿಸಿದಾಗ ನಾಲ್ಕೂ ಹದಿನೆಂಟು.

ಅಷ್ಟರಲ್ಲಿ ರಾಯಚೂರಿನ ಬಸ್ಸು ಬಂತು. ಸಾಹೇಬರು ತೊಲಗಿದರೆ ಸಾಕೆಂದು ಕಾದಿದ್ದ ಪಕೀರಪ್ಪ ರಸ್ತೆಯ ನಡುವೆ ತೋಳು ಚಾಚಿ ನಿಂತುಬಿಟ್ಟ. "ಏ, ನಿಲ್ಲಸ್ರಿ! ಸಾಹೇಬ್ರು ಹೊಂಟಾರ! ಮುಂದಿನ ಸೀಟ್ ಖಾಲಿ ಮಾಡ್ರಿ!"

"ಇರ್ರಿ, ಉತ್ತರ ಬರಲಿ—" ಎನ್ನುವಷ್ಟರಲ್ಲಿ ಪಕೀರಪ್ಪ ಬೆನ್ನಿಗೆ ಕೈಕೊಟ್ಟು ಅವನನ್ನು ಒಳಗೆ ನೂಕಿಯಾಗಿತ್ತು. ಬಸ್ಸು ಹೊರಟಿತು. ಸಂಕರ್ಷಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ಯವ್ವಾ! ಆ ಜರ್ಮನಿಯಾಕಿ ಏನರೆ ಕೇಳಿದ್ರ ಕೆಳಗ ಹೌದು ಅನ್ನೋ ಗುಂಡಿ ಬರ್ತದ, ಒತ್ತಿಬಿಡ್ರಿ! ನೀವೇ ನೋಡಿದ್ರೇನು ಅಂತ ಕೇಳ್ತಾಳ, ಅಷ್ಟೇ!"

"ಆತೇಳು, ಒತ್ತತೀನಿ! ನೀ ತಲಿ ಒಳಗ ತಗೋ!"

ಆ ಪ್ರಯಾಣದಲ್ಲಿ ಸಂಕರ್ಷಣ ಬಸ್ಸಿನಲ್ಲಿ ಕೂತಿರಲಿಲ್ಲ, ಬಸ್ಸಿಗಿಂತ ಒಂದು ಗೇಣು ಮೇಲೆ ಕೂತಿದ್ದ. ಮನೆ ಮುಟ್ಟಿದಾಗ ಆರು. ಅಂಗಳದಲ್ಲಿ ಓಣಿಗೆ ಓಣಿಯೇ ಸೇರಿತ್ತು. ಜಗನ್ನಾಥರಾಯರು ಶಾಲು ಹಿಡಿದು ನಿಂತಿದ್ದರು. ವೆಂಕೂಬಾಯಿ ಸಜ್ಜಿಗೆ ಮಾಡಿ ಬಾಳೆಯೆಲೆಯ ತುಂಡುಗಳ ಮೇಲೆ ಸಾಲಾಗಿ ಇಟ್ಟಿದ್ದರು. ಹಿಂದಿನ ಬೆಂಚಿನ ಆ ಹುಡುಗಿಗೂ ಯಾರೋ ಹೇಳಿಕಳಿಸಿದ್ದರು. ಅವಳು ಗೇಟಿನ ಹತ್ತಿರ ನಿಂತಿದ್ದಳು.

"ಆತೇನೋ?"

"ಆಗ್ಯದಮ್ಮಾ. ಮೊಬೈಲ್ ಚಾರ್ಜಿಗೆ ಹಾಕಿ ತೋರಸ್ತೀನಿ."

ಐದು ನಿಮಿಷ ಐದು ಯುಗದಂತೆ ಕಳೆದವು. ಮೊಬೈಲು ಎದ್ದಿತು. ಕರ್ನಲ್ಲಿಗೆ ಸೇರಿದ ತಿದ್ದುಪಡಿಗಳನ್ನೆಲ್ಲ ಊರಿಗೆ ಕಾಣುವಂತೆ ಹಾಕುವ ಪುಟ ತೆರೆದ. ಮೊದಲನೆಯದೇ ಅವನದು. ಆ ಎರಡು ಸಾಲು! ನಾಲ್ಕೂ ಇಪ್ಪತ್ತೊಂಬತ್ತಕ್ಕೆ ಒಳಗೆ ಹೋಗಿತ್ತು. ಸಂಕರ್ಷಣ ಗಟ್ಟಿಯಾಗಿ ಓದಲು ಬಾಯಿ ತೆರೆದ, ತೆರೆದೇ ಇದ್ದ. ಜಗನ್ನಾಥರಾಯರು ಅವನ ಭುಜದ ಮೇಲಿಂದ ಬಗ್ಗಿ ತಾವೇ ಓದಿ ಕನ್ನಡದಲ್ಲಿ ಸಾರಿದರು.

"ಬರೆದವರು — ಬೂದೆಮ್ಮ, ಗಬ್ಬೂರು. ಪರೀಕ್ಷಿಸಿದವರು — ಬೂದೆಮ್ಮ, ಗಬ್ಬೂರು." ಅವರು ಕನ್ನಡಕ ಸರಿಮಾಡಿಕೊಂಡರು. "ನಿನ್ನ ಹೆಸರು ಎಲ್ಲಿ ಅದನೋ?"

ಅದರ ಕೆಳಗೆ ಹೆಲ್ಗಾಳ ಟಿಪ್ಪಣಿ ಇತ್ತು. "ಕಳಿಸಿದ ಹೆಸರೊಂದು, ರುಜುವಿನ ಹೆಸರು ಇನ್ನೊಂದು ಇತ್ತು. ನಮ್ಮಲ್ಲಿ ಎರಡೂ ಒಂದೇ ಇರಬೇಕು. ಉಪಾಯ ನಿಮ್ಮದು, ಪರೀಕ್ಷೆ ನಿಮ್ಮದು, ಕಳಿಸಿದ್ದೂ ನೀವು. ಹಾಗಾದರೆ ಇದು ನಿಮ್ಮದೇ ಕೆಲಸವೇ, ಕೆಳಗಿನ ಹೆಸರನ್ನು ತೆಗೆಯಲೇ, ನಿಮ್ಮದನ್ನು ಹಾಕಲೇ ಎಂದು ಕೇಳಿದೆ. ಹೌದು ಎಂದು ಉತ್ತರ ಬಂದಿತು. ತೆಗೆದು ಹಾಕಿದ್ದೇನೆ."

ಗೇಟಿನ ಹತ್ತಿರದ ಹುಡುಗಿ ಮೆಲ್ಲಗೆ, "ಸರ, ಈ ಬೂದೆಮ್ಮ ಮೇಡಂ ಯಾವ ಕಾಲೇಜಿನ್ಯಾಗ ಇದಾರ್ರಿ?" ಎಂದು ಕೇಳಿದಳು.

"ಯಾರರೆ ಇರಲಿ," ಎಂದರು ವೆಂಕೂಬಾಯಿ. "ಎಂಟು ತಿಂಗಳ ಒಪ್ಪದಾಕಿನ್ನ ಒಂದು ಮಧ್ಯಾಹ್ನದಾಗ ಒಪ್ಪಿಸ್ಯಾಳ. ಶಾಣ್ಯಾಕಿ."

ಮೊಬೈಲು ಗುಂಯ್‌ಗುಟ್ಟಿತು. ರುಜುವಿನ ಪಕ್ಕ ಸಂಕರ್ಷಣ ತನ್ನ ನಂಬರೂ ಬರೆದಿದ್ದ. ಅದನ್ನು ನೋಡಿ ಬೂದೆಮ್ಮನೇ ಫೋನ್ ಮಾಡಿದ್ದಳು.

"ಮುಟ್ಟಿದೇನು ತಮ್ಮಾ? ಆ ಜರ್ಮನಿ ಅಕ್ಕ ಏನೋ ಕೇಳಿದ್ಲು, ಹೌದು ಅಂತ ಒತ್ತಿದೆ. ಮತ್ತ ಈಗಿನ್ನಾ ಇನ್ನೊಂದು ಕಾಗದ ಹಾಕ್ಯಾಳ. ಅಸ್ಮತ್ ನನ್ನ ಫೋನಿಗಿ ಓದಂದ್ಲು, ಅದು ಕನ್ನಡದಾಗ ಓದಿ ಹೇಳ್ತು. ಇಂಥಾವೇ ಇನ್ನಾ ನಲವತ್ತು ತಪ್ಪು ಅದಾವಂತ. ಇಂಥಾ ಹಳೇ ಮಿಶನ್ ಅಕಿಗಿ ಬ್ಯಾರೆ ಎಲ್ಲೂ ಸಿಗವಲ್ದಂತ. ಅಷ್ಟೂ ನೀನೇ ನೋಡಿಕೊಡತೀಯೇನವ್ವಾ ಅಂತ ಕೇಳ್ಯಾಳ."

"ನೀವೇನಂದ್ರಿ?" ಸಂಕರ್ಷಣನ ಧ್ವನಿ ಬಾವಿಯ ತಳದಿಂದ ಬಂತು.

"ಹೌದು ಅಂತ ಒತ್ತಿದೆ. ನೀನೇ ಹೇಳಿದ್ದಿಯಲ್ಲ, ಏನು ಕೇಳಿದ್ರೂ ಒತ್ತು ಅಂತ. ನಾಳಿಲಿಂದ ಮೊದಲನೇ ಬಸ್ಸಿಗಿ ಬಂದುಬಿಡು. ಬರೆಯೋದು ನಿಂದು, ಒತ್ತೋದು ನಂದು. ಮತ್ತ, ಆ ನಿನ್ನ ಮಿಶನ್ನು ಪೂರಾ ಚಾರ್ಜ್ ಮಾಡಿಕೊಂಡು ಬಾ ನೋಡು. ನಡು ಹೊಲದಾಗ ಕೈ ಎತ್ತೋ ಆಳು ನನಗ ನಡಿಯಂಗಿಲ್ಲ."